ಆ ‘ಲಾ’ ಯಾರು?

“ಲಾ ಕಿಯೆರೊ.”

ಎಡಿಲ್ಸನ್ ಹೇಳಿದ್ದು ಇಷ್ಟೇ. ಹೇಳುವಾಗ ಅವನ ಕಣ್ಣು ಅರಸೆಲಿಯ ಕಣ್ಣನ್ನು ಬಿಟ್ಟು ಬೇರೆಲ್ಲೂ ಇರಲಿಲ್ಲ.

ಬೆಟ್ಟದೂರು ನೊಬ್ಸಾದಲ್ಲಿ ಗಂಡಸೊಬ್ಬ ಹೆಣ್ಣಿನ ಕಣ್ಣು ನೋಡಿ ಹಾಗೆಂದರೆ ಅರ್ಥ ಒಂದೇ. ನಿಮ್ಮನ್ನು ಪ್ರೀತಿಸುತ್ತೇನೆ!

ಅರಸೆಲಿ ಎಷ್ಟೋ ದಿನದಿಂದ ಕಾದಿದ್ದ ಮಾತು... ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತು.

“ನಾನೂ...”

ಅಂಗಡಿಯ ಮಗ್ಗದಲ್ಲಿ ಕೂತಿದ್ದ ಅವಳ ಸೋದರತ್ತೆ ತ್ರಾನ್ಸಿತೊಳ ಲಾಳಿ ಅಲ್ಲೇ ನಿಂತಿತು. ಕಾಲುಚೀಲ ಕೊಳ್ಳಲು ಬಂದಿದ್ದ ಹೆಂಗಸು ಬಾಯಿ ತೆರೆದವಳು ಮುಚ್ಚಲಿಲ್ಲ.

ಎಡಿಲ್ಸನ್ ಒಂದು ಕ್ಷಣ ತಡಬಡಾಯಿಸಿದ. ಆಮೇಲೆ ತನ್ನ ಎಡಗೈ ನೋಡಿಕೊಂಡ. ಆ ಕೈಯಲ್ಲಿ ಕೆಂಪು ರುವಾನಾದ ಅಂಚಿತ್ತು. ತಲೆ ತೂರಿಸಿ ಹೊದೆಯುವ ದಪ್ಪ ಉಣ್ಣೆಯ ಹೊದಿಕೆ, ಅರಸೆಲಿಯೇ ನೇಯ್ದದ್ದು. ಅವನು ಥಟ್ಟನೆ ಅಂಚು ಬಿಟ್ಟ.

“ಓ... ನಿಮಗೂ ಇದು ಬೇಕಾ? ಹಾಗಾದ್ರೆ ಬಿಡಿ, ನೀವೇ ಇಟ್ಕೊಳ್ಳಿ. ನಾ ಬರ್ತೀನಿ.”

ಬಾಗಿಲ ಗಂಟೆ ಕಿಣಿಗುಟ್ಟಿತು. ಅವನು ಹೋಗಿಯೇಬಿಟ್ಟ.

ಅವರ ಭಾಷೆ ಎಷ್ಟು ಜಿಪುಣ ನೋಡಿ! ಬೇಕು ಎನ್ನುವುದಕ್ಕೂ ಪ್ರೀತಿಸುತ್ತೇನೆ ಎನ್ನುವುದಕ್ಕೂ ಒಂದೇ ‘ಕಿಯೆರೊ’. ‘ಅವಳನ್ನು’ ಎಂದರೂ ‘ಲಾ’, ಮರ್ಯಾದೆಯಿಂದ ಹೆಣ್ಣಿಗೆ ‘ನಿಮ್ಮನ್ನು’ ಎಂದರೂ ‘ಲಾ’. ರುವಾನಾ ಅವರಲ್ಲಿ ಹೆಣ್ಣು ಪದ, ಅದನ್ನು ಬೇಕೆಂದರೂ ಅದೇ ‘ಲಾ’!

‘ಅಯ್ಯೋ ದೇವರೇ! ಅವನು ಕೇಳಿದ್ದು ಹೊದಿಕೆ. ನಾನು ಕೊಟ್ಟಿದ್ದು ಹೃದಯ!’

ಅರಸೆಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಲುಚೀಲದ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಅದಕ್ಕಿಂತ ಜೋರು.

“ರೀ ಅಮ್ಮಣ್ಣೀ, ಗಿರಾಕಿ ಮಾಲು ಕೇಳಿದ್ರೆ ಬೆಲೆ ಹೇಳ್ಬೇಕು. ‘ನಾನೂ’ ಅಂತ ಯಾವ ಅಂಗಡಿಯವಳು ಹೇಳ್ತಾಳೆ?”

“ಅತ್ತೇ, ನಿಮ್ಮ ದಮ್ಮಯ್ಯ... ಯಾರಿಗೂ ಹೇಳ್ಬೇಡಿ!”

“ನಾನಾ? ನಾನ್ಯಾಕೆ ಹೇಳ್ಲಿ?” ಅಂದಳು ಅತ್ತೆ. ಸಂಜೆಯೊಳಗೆ ಎಡಿಲ್ಸನ್ ಒಬ್ಬನ ಹೊರತು ಚರ್ಚಿನ ಬೀದಿಗೆಲ್ಲ ಗೊತ್ತಾಗಿತ್ತು.

ಆ ರಾತ್ರಿ ಅರಸೆಲಿ ಊಟಕ್ಕೂ ಏಳಲಿಲ್ಲ. ಅವಳನ್ನು ಹೆಚ್ಚು ಸುಟ್ಟದ್ದು ಒಂದೇ ವಿಚಾರ. ಆ ‘ಲಾ’ ಅವನಿಗೆ ಕಲಿಸಿದವಳು ತಾನೇ!

ಎಡಿಲ್ಸನ್ ಸಮುದ್ರದ ಕಡೆಯವನು. ಊರ ಬ್ಯಾಂಡಿನವರಿಗೆ ಕ್ಲಾರಿನೆಟ್ ಕಲಿಸಲು ಈ ಚಳಿಯ ಬೆಟ್ಟಕ್ಕೆ ಬಂದಿದ್ದ. ಮೊದಲ ದಿನ ನಡುಗುತ್ತ ಅಂಗಡಿಗೆ ನುಗ್ಗಿ, “ನಿನ್ನನ್ನ ಒಂದು ಮಾತು ಕೇಳ್ಲಾ?” ಅಂದಿದ್ದ. ಭಾಷೆ ಒಂದೇ ಆದರೂ ಅವನ ಊರಲ್ಲಿ ಎಲ್ಲರಿಗೂ ಏಕವಚನವೇ. ನೊಬ್ಸಾದವರೋ, ಬೀದಿನಾಯಿಯನ್ನೂ ‘ನೀವು’ ಎಂದು ಗದರಿಸುವ ಜನ!

“ಇಲ್ಲಿ ‘ತೆ’ ನಡೆಯಲ್ಲ ಸುಮರ್ಸೆ,” ಎಂದಿದ್ದಳು ಅರಸೆಲಿ ಗಂಭೀರವಾಗಿ. ಸುಮರ್ಸೆ ಎಂದರೆ ಅಲ್ಲಿ ಯಾರನ್ನೇ ಆಗಲಿ ಮರ್ಯಾದೆಯಿಂದ ಕರೆಯುವ ಮಾತು; ತಮ್ಮ, ತಾಯಿ, ಸ್ವಾಮಿ, ಎಲ್ಲವೂ ಅದೇ. “‘ನಿನ್ನನ್ನ’ಕ್ಕೂ ‘ತೆ’, ‘ನಿನಗೆ’ಗೂ ‘ತೆ’. ಅದು ನಿಮ್ಮ ಸಮುದ್ರದ ಸೋಮಾರಿತನ. ನಮ್ಮಲ್ಲಿ ನನ್ನನ್ನ ನೋಡೋದಾದ್ರೆ ‘ಲಾ’. ನನಗೆ ಏನಾದ್ರೂ ಕೊಡೋದಾದ್ರೆ ‘ಲೆ’.”

“ಸರಿ. ಈ ಬಿಸ್ಕತ್ತಿನ ಪೊಟ್ಟಣ... ತೆ ಲಾ... ಅಲ್ಲಲ್ಲ... ಲೆ ಲಾ ದೊಯ್!”

“ಲೆ ಲಾ!” ಅವಳು ಬಿದ್ದು ಬಿದ್ದು ನಕ್ಕಿದ್ದಳು. “ಎರಡು ಒಟ್ಟಿಗೆ ಬಂದ್ರೆ ‘ಲೆ’ ಹೋಗಿ ‘ಸೆ’ ಆಗಲ್ವಾ? ಸೆ ಲಾ ದೊಯ್. ‘ನಿಮಗೆ ಇದನ್ನ ಕೊಡ್ತೀನಿ’. ಇಷ್ಟೂ ಮರೆತ್ರಾ?”

“ನಿಮ್ಮನ್ನ ನೋಡಿದ್ರೆ ಎಲ್ಲ ಮರೆತು ಹೋಗುತ್ತೆ,” ಎಂದಿದ್ದ ಅವನು. ಅಂದಿನಿಂದ ಚಳಿಯ ನೆಪ ಮಾಡಿಕೊಂಡು ದಿನಾ ಬರುತ್ತಿದ್ದ. ಅವಳು ಬೆಲ್ಲದ ಬಿಸಿನೀರಿಗೆ ಚೀಸ್ ತುಂಡು ಹಾಕಿ ಕೊಡುತ್ತಿದ್ದಳು. ಅವನು ರುವಾನಾಗಳ ಬೆಲೆ ಕೇಳುತ್ತಿದ್ದ, ಒಂದನ್ನೂ ಕೊಳ್ಳುತ್ತಿರಲಿಲ್ಲ.

‘ಅದನ್ನೇ ಪ್ರೀತಿ ಅಂದುಕೊಂಡೆನಲ್ಲ... ಥೂ, ನನ್ನ ಬುದ್ಧಿಗಿಷ್ಟು!’

ಅವನು ಮತ್ತೆ ಬಂದದ್ದು ಶುಕ್ರವಾರ. ಕಿಟಕಿಯಲ್ಲಿ ಅವನ ತಲೆ ಕಂಡದ್ದೇ ತಡ, ಅರಸೆಲಿ ಉಣ್ಣೆಯ ಮೂಟೆಗಳ ಹಿಂದೆ ಅವಿತಳು. ತನ್ನ ಅಂಗಡಿಯಲ್ಲೇ ಕಳ್ಳಿಯ ಹಾಗೆ!

“ಡೊನ್ಯಾ ತ್ರಾನ್ಸಿತೊ, ಆ ಕೆಂಪು ರುವಾನಾ ಕಟ್ಟಿಕೊಡಿ. ನನ್ನ ಕರಾರು ಮುಗೀತು. ಸೋಮವಾರದ ಬಸ್ಸಿಗೆ ಊರಿಗೆ ಹೊರಟೆ.”

ಮೂಟೆಯ ಹಿಂದೆ ಅರಸೆಲಿ ಕಿವಿ ನಿಮಿರಿಸಿದಳು. ಹೊರಟುಬಿಟ್ಟನೇ?

“ಯಾರಿಗಪ್ಪಾ ಇದು? ಸುಮರ್ಸೆ ಹೊದ್ದರೆ ಮೊಣಕೈ ಕೂಡ ಮುಚ್ಚಲ್ಲ. ಹೆಂಗಸರ ಅಳತೆ.”

“ಸೆ ಲಾ ದೊಯ್ ಭಾನುವಾರ.”

“ಹಾಂ? ನನಗಾ?”

ಅವನು ನಕ್ಕ. “ನಿಮಗಲ್ಲ ಡೊನ್ಯಾ...”

‘ಸೆ’! ಆ ಹಾಳಾದ ‘ಸೆ’! ನಿಮಗೆ, ಅವನಿಗೆ, ಅವಳಿಗೆ, ಎಲ್ಲರಿಗೂ ಅದೊಂದೇ. ಎದುರಿಗಿದ್ದ ಅತ್ತೆಗಲ್ಲ ಅಂದಮೇಲೆ ಇನ್ಯಾರಿಗೆ? ಸಮುದ್ರದ ಕಡೆ ಒಬ್ಬಳಿದ್ದಾಳೆ. ಭಾನುವಾರ ಅವಳು ಇವನನ್ನು ಕರೆದೊಯ್ಯಲು ಬರುತ್ತಾಳೆ. ಅರಸೆಲಿ ಮೂಟೆಯ ಹಿಂದೆ ಕೂತೇ ಆ ಹೆಣ್ಣಿಗೆ ಮುಖ, ಜಡೆ, ಕಿವಿಯೋಲೆ ಎಲ್ಲವನ್ನೂ ಕೊಟ್ಟುಬಿಟ್ಟಳು!

‘ನನ್ನ ಕೈಯಾರೆ ನೇಯ್ದದ್ದನ್ನು ಅವಳು ಹೊದೆಯುತ್ತಾಳೆ. ನಾನು ಅವನಿಗೆ ‘ನಾನೂ’ ಅಂದವಳು...’

ನಾಚಿಕೆಗೆ ಅಳುವೂ ಬರಲಿಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿದಮೇಲೆ ಚೌಕದಲ್ಲಿ ಬ್ಯಾಂಡು. ಅರಸೆಲಿ ತಲೆನೋವೆಂದಳು. ಅತ್ತೆ ಕೇಳಬೇಕಲ್ಲ!

“ಎದ್ದೇಳಿ ಸುಮರ್ಸೆ. ಇವತ್ತು ಮನೇಲಿ ಕೂತ್ರೆ ಊರು ಇನ್ನೂ ನಗುತ್ತೆ.”

ಅರಸೆಲಿ ತನ್ನ ಹಳೇ ಕಂದು ರುವಾನಾ ಹೊದ್ದು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಳು. ಅಂಚೆಲ್ಲ ಸವೆದು, ಹೆಗಲಲ್ಲಿ ತೇಪೆ. ನೇಯುವವರ ಮೈಮೇಲೆ ಹೊಸದೆಲ್ಲಿರುತ್ತದೆ?

ಕೊನೆಯ ಹಾಡು ಮುಗಿಯಿತು. ತಲೆ ಎತ್ತಿದರೆ ಎದುರಿಗೆ ಎಡಿಲ್ಸನ್! ಕಂಕುಳಲ್ಲಿ ಕ್ಲಾರಿನೆಟ್, ಕೈಯಲ್ಲಿ ಕೆಂಪು ರುವಾನಾ.

“ಸೆ ಲಾ ದೊಯ್,” ಅಂದ. “ನಿಮಗೆ.”

“ನನಗಾ?”

“ಊರಿಗೆಲ್ಲ ನೇಯ್ತೀರಿ, ನೀವು ಹೊದೆಯೋದು ತೇಪೆ. ನಿಮಗೂ ಬೇಕು ಅಂತ ಆವತ್ತು ನೀವೇ ಅಂದ್ರಲ್ಲ... ‘ನಾನೂ’ ಅಂತ.”

ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಬೇರೆ ಹೆಣ್ಣಿಲ್ಲ! ಇದ್ದದ್ದು ತಾನೊಬ್ಬಳೇ. ತೆಗೆದುಕೊಂಡು ಉಪಕಾರವಾಯಿತು ಅಂದರೆ ಮಾನ ಉಳಿಯುತ್ತದೆ. ನಾಳೆ ಬಸ್ಸೂ ಹೋಗುತ್ತದೆ... ಇವನೂ ಹೋಗುತ್ತಾನೆ.

ಅರಸೆಲಿ ಕೈ ಚಾಚಲಿಲ್ಲ. ಮುಖ ಕಿವಿಯವರೆಗೂ ಕೆಂಪಾಗಿತ್ತು.

“ನಾನು ‘ನಾನೂ’ ಅಂದಿದ್ದು... ಈ ರುವಾನಾಗಲ್ಲ.”

“ಮತ್ತೆ?”

“ನೀವು ಹೇಳಿದ್ದು ನನಗೆ ಅಂದ್ಕೊಂಡೆ. ಆ ‘ಲಾ’ ನಾನು ಅಂದ್ಕೊಂಡೆ. ಊರೆಲ್ಲ ನಕ್ಕಿದ್ದು ಅದಕ್ಕೇ. ಈಗ ನೀವೂ ನಗಿ, ನಕ್ಕು ಹೋಗಿ!” ಕೊನೆಗೂ ಕಣ್ಣು ತುಂಬಿತು.

ಅವನು ನಗಲಿಲ್ಲ. ಅವನ ಮುಖವೂ ಬಾಡಿತು.

“ನಾಚಿಕೆ ಆಗ್ಬೇಕಾದ್ದು ನನಗೆ,” ಅಂದ ಮೆಲ್ಲಗೆ. “ಆ ‘ಲಾ’ ನೀವೇ. ನೀವು ಬೈದ್ರೆ, ‘ಅಯ್ಯೋ, ನಾ ಕೇಳಿದ್ದು ರುವಾನಾ’ ಅಂತ ಜಾರಿಕೊಳ್ಳೋಣ ಅಂತ ಅಂಚು ಹಿಡ್ಕೊಂಡಿದ್ದೆ. ನೀವು ‘ನಾನೂ’ ಅಂದ್ರಿ. ಯಾವುದಕ್ಕೆ ಅಂದ್ರೋ ಗೊತ್ತಾಗ್ಲಿಲ್ಲ. ಕೇಳೋಕೆ ಧೈರ್ಯ ಸಾಲ್ಲಿಲ್ಲ, ಓಡಿಹೋದೆ. ನನ್ನ ಹೇಡಿತನಕ್ಕೆ ನೀವು ನಗೆಪಾಟಲಾದ್ರಿ.”

ಅರಸೆಲಿ ಅವನನ್ನೇ ನೋಡಿದಳು. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗು ಬಂತು.

“ನಿನ್ನ...” ಎಂದು ಅವನು ತನ್ನೂರ ಮಾತಿನಲ್ಲಿ ಶುರುಮಾಡಿದ. “ತೆ ಕಿ...”

“ಊಹೂಂ. ‘ತೆ’ ಬೇಡ. ಅಷ್ಟು ದಿನ ಕಲಿಸಿದ್ದು ಯಾಕೆ? ನಮ್ಮೂರಿನ ಹಾಗೇ ಹೇಳಿ.”

ಎಡಿಲ್ಸನ್ ಬಾಯಿ ತೆರೆದ. ಮತ್ತೆ ಏನೋ ಹೊಳೆದು ನಿಲ್ಲಿಸಿದ. ಕೆಂಪು ರುವಾನಾವನ್ನು ಮಡಚಿ ತ್ರಾನ್ಸಿತೊ ಅತ್ತೆಯ ತೊಡೆಯ ಮೇಲಿಟ್ಟ. ಕ್ಲಾರಿನೆಟ್ಟನ್ನು ಬೆಂಚಿನ ಮೇಲಿಟ್ಟ. ಎರಡೂ ಅಂಗೈ ಬಿಚ್ಚಿ ತೋರಿಸಿದ. ಏನೂ ಇರಲಿಲ್ಲ.

“ಲಾ ಕಿಯೆರೊ.”

ಈ ಸಲ ಯಾರೂ ನಗಲಿಲ್ಲ. ಅತ್ತೆಯಂತೂ ಮೂಗೊರೆಸಿಕೊಳ್ಳುತ್ತಿದ್ದಳು, ಅದೂ ಹೊಸ ರುವಾನಾದ ಅಂಚಿನಲ್ಲಿ!

“ಸೋಮವಾರದ ಬಸ್ಸು?” ಅರಸೆಲಿ ಪಿಸುಗುಟ್ಟಿದಳು.

“ಅದು ನನ್ನನ್ನ ಬಿಟ್ಟು ಹೋಗ್ಲಿ. ನೀವು ಮೊದಲು ಉತ್ತರ ಹೇಳಿ.”

ಅವಳು ಆ ಬರಿಗೈಗಳ ಮೇಲೆ ತನ್ನ ಕೈ ಇಟ್ಟಳು.

“ನಾನೂ...”