ದೋಣಿಗೆ ತೊಡಿಸಿದ ಬಳೆ

"ಉಸಿರು ಬಿಡು. ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ," ಎಂದ ಈಜು ಕೋಚ್.

"ಅದನ್ನ ನೀರಿಗಿಳಿದವರಿಗೆ ಹೇಳಿ," ಎಂದಳು ಬಡಗಿ. ಎಂದಳೇ ಹೊರತು ಉಸಿರು ಮಾತ್ರ ಬಿಡಲಿಲ್ಲ.

ಅವನಿಗಾಗಿ ತನ್ನ ಕೆಲಸದ ಮನೆಯಲ್ಲಿ ಅರ್ಧ ಕಟ್ಟಿದ ಕಯಾಕಿನೊಳಗೆ, ಒಬ್ಬರೇ ಕೂತು ಹುಟ್ಟುಹಾಕುವ ಆ ಕಿರುದೋಣಿಯೊಳಗೆ, ಅವಳು ಕಾಲು ಚಾಚಿ ಕೂತಿದ್ದಳು. ಅವನು ಮಂಡಿಯೂರಿ, ಅವಳ ಸೊಂಟದ ಎರಡೂ ಬದಿಗೆ ಅಂಗೈ ಇಟ್ಟು, ಎಷ್ಟು ಜಾಗ ಉಳಿಯಿತು ಎಂದು ನೋಡುತ್ತಿದ್ದ. ನೋಡಿದ್ದು ಜಾಗವನ್ನೋ ತನ್ನನ್ನೋ ಅವಳಿಗೆ ತಿಳಿಯಲಿಲ್ಲ. ಮುಖ ಕೆಂಪಾಯಿತು.

ದೋಣಿಯಲ್ಲಿ ಇಳಿದು ಕೂರಲು ಬಿಟ್ಟ ಬಾಯಿಯ ಸುತ್ತ ಬರುವ ಮರದ ಅಂಚಿಗೆ ಅವಳು ಬಳೆ ಅನ್ನುತ್ತಿದ್ದಳು. ದೊಡ್ಡದಾದರೆ ಒಳಗೆ ಮೈ ಅಲ್ಲಾಡುತ್ತದೆ. ಚಿಕ್ಕದಾದರೆ ದೋಣಿ ಮಗುಚಿದಾಗ ಹೊರಬರಲು ಆಗುವುದಿಲ್ಲ. ಅದಕ್ಕೇ ಮೊದಲ ದಿನವೇ ಕೇಳಿದ್ದಳು:

"ಯಾರಿಗೆ ಸರಿಹೋಗ್ಬೇಕು?"

"ನಮ್ಮವಳಿಗೆ," ಎಂದಿದ್ದ, ಅವಳನ್ನೇ ನೋಡುತ್ತ. "ನಿನ್ನ ಅಳತೆಗೇ ಮಾಡು."

ಅಷ್ಟು ಸಾಕಾಯಿತು. ನಮ್ಮವಳು ಅಂದರೆ ತಾನೇ ಎಂದು ಹುಚ್ಚಿ ತೀರ್ಮಾನಿಸಿಬಿಟ್ಟಳು.

ಮೂರು ವಾರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೆಳುವಾದ ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಅಚ್ಚಿನ ಸುತ್ತ ಬಗ್ಗಿಸಿ, ಒಣಗಿಸಿ, ಒಂದರ ಮೇಲೊಂದು ಅಂಟಿಸಿ ಕ್ಲ್ಯಾಂಪ್ ಬಿಗಿಯುವುದು ಇಬ್ಬರ ಕೆಲಸ; ಅವನೇ ಬಂದು ಇನ್ನೊಂದು ತುದಿ ಹಿಡಿಯುತ್ತಿದ್ದ. ಪಟ್ಟಿ ಚಿಮ್ಮಿದರೆ ಬೆರಳಿಗೆ ಬೆರಳು ತಾಗುತ್ತಿತ್ತು.

"ಬಿಡ್ಬೇಡಿ!"

"ಬಿಡೋನಲ್ಲ ನಾನು," ಎಂದು ಕಣ್ಣು ಮಿಟುಕಿಸುತ್ತಿದ್ದ.

ಒಂದು ಬಳೆ ಸೀಳಿಹೋಯಿತು. ಗೊಣಗದೆ ಇನ್ನೊಂದು ಮಾಡಿದಳು. ರೇಷ್ಮೆ ದಾರವೂ ಸಿಕ್ಕಿಕೊಳ್ಳದಷ್ಟು ನುಣ್ಣಗೆ ಉಜ್ಜಿದಳು.

ಬಳೆ ಕೂರಿಸಿದ ದಿನ ಅವನ ಜೊತೆ ಒಬ್ಬಳು ಬಂದಳು.

"ಇವಳೇ ನಮ್ಮವಳು. ಮುಂದಿನ ತಿಂಗಳು ಮದುವೆ."

ಆಕೆ ನಗುತ್ತ ಒಳಗಿಳಿದು ಕೂತಳು. ಒಂದು ಬೆರಳೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಅಯ್ಯೋ, ನನ್ನ ಅಳತೆ ಹೇಗೆ ಗೊತ್ತಾಯ್ತು ನಿಮ್ಗೆ?"

"ಮನಸ್ಸಲ್ಲೇ ಅಳೆದಿದ್ದೆ," ಎಂದ ಕೋಚ್.

ಫೋನ್ ಬಂತೆಂದು ಆಕೆ ಹೊರಗೆ ಹೋದಳು.

"ನಮ್ಮವಳು ಅಂದ್ರೆ ನಾನು ಅಂದ್ಕೊಂಡಿದ್ದೆ," ಎಂದಳು ಬಡಗಿ. "ನಿಮ್ಮ ಮೇಲೆ ಜೀವಾನೇ ಇಟ್ಕೊಂಡಿದ್ದೆ."

"ಗೊತ್ತಿತ್ತು. ಎರಡನೇ ದಿನಾನೇ."

"ಒಂದು ಮಾತು ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಇಷ್ಟು ಚೆನ್ನಾಗಿ ಮಾಡ್ತಿದ್ಯಾ?" ಅವನು ಬಳೆಯ ಮೇಲೆ ಕೈಯಾಡಿಸಿದ. "ನಿಮ್ಮಿಬ್ಬರದೂ ಒಂದೇ ಮೈಕಟ್ಟು. ನಂಗೂ ಸುಲಭ ಆಯ್ತು."

ಆಕೆ ಮರಳಿ ಬಂದಳು. ಬಡಗಿ ಕೈ ಒರೆಸಿಕೊಂಡಳು.

"ಅಕ್ಕ, ಅದು ನಿಮ್ಮ ಅಳತೆ ಅಲ್ಲ, ನಂದು. ಮೂರು ವಾರ ನನ್ನ ಕೂರಿಸಿ, ಸೊಂಟದ ಪಕ್ಕ ಕೈಯಿಟ್ಟು ನೋಡಿದ್ರು. ಬಿಡೋನಲ್ಲ ಅಂತಾನೂ ಅಂದ್ರು."

ಆಕೆ ಅವನ ಮುಖ ನೋಡಿದಳು. ಅವನು ಕ್ಲ್ಯಾಂಪುಗಳ ಕಡೆ ತಿರುಗಿದ. ಅಷ್ಟರಲ್ಲೇ ಆಕೆಗೆ ಉತ್ತರ ಸಿಕ್ಕಿತು. ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು.

"ಹೀಗೆ ಮಾಡಿ ನಿನಗೇನು ಸಿಕ್ತು?" ಎಂದ ಕೋಚ್, ಬಾಗಿಲತ್ತ ನೋಡುತ್ತ.

"ಏನೂ ಇಲ್ಲ. ನೀವು ಇಲ್ಲೇ ಉಳೀತೀರೇನೋ ಅಂತ ಇನ್ನೂ ಆಸೆ ಪಡ್ತಿದ್ದೀನಿ, ನಾಚಿಕೆಗೆಟ್ಟವಳು."

ಅವಳು ಮಾತು ಮುಗಿಸುವಷ್ಟರಲ್ಲಿ ಅವನು ಆಕೆಯ ಹಿಂದೆ ಬೀದಿಗೆ ಓಡಿಯಾಗಿತ್ತು.