ಹೆಗಲೇರಿ ಬಂದ ಟೋಕನ್

ನಮ್ಮದು ಒಂದೇ ಹಳಿಯ ಪುಟ್ಟ ರೈಲ್ವೆ. ಅಜ್ಜಂದಿರ ಕಾಲದಲ್ಲಿ ಅದರ ಮೇಲೆ ಮರದ ದಿಮ್ಮಿ, ಕಲ್ಲಿದ್ದಲು ಹೋಗುತ್ತಿದ್ದವಂತೆ. ಈಗ ಪ್ರವಾಸಿಗರು ಸೇತುವೆಯವರೆಗೆ ಹೋಗಿ, ಫೋಟೋ ತೆಗೆಸಿಕೊಂಡು ಬರುತ್ತಾರೆ. ಹಳೆಯ ನಿಯಮ ಮಾತ್ರ ಹಾಗೇ ಇದೆ. ಸ್ಟೇಷನ್ನಿನ ಗುಮಾಸ್ತೆಯಾದ ನನ್ನ ಕೈಯಿಂದ ಟೋಕನ್ ಪಡೆಯದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಬಂದ ಮೇಲೆ ನನಗೇ ಒಪ್ಪಿಸಬೇಕು. ಹಳಿಯ ಮೇಲೆ ಬೇರೆ ಗಾಡಿ ಇಲ್ಲ ಎಂಬುದಕ್ಕೆ ಗುರುತು ಆ ಟೋಕನ್: ತೊಗಲು ಸುತ್ತಿದ ದೊಡ್ಡ ಬಳೆ, ಅದರ ಚೀಲದಲ್ಲೊಂದು ಕಬ್ಬಿಣದ ಗುಂಡು.

"ಇರೋದೇ ಒಂದು ಇಂಜಿನ್ನು. ಎದುರಿಗೆ ಯಾರು ಬಂದು ಗುದ್ದಬೇಕು, ರೂಲ್‌ಬುಕ್ ಮೇಡಂ?" ಎಂದು ಡ್ರೈವರ್ ಪ್ರತಿ ಸಲ ಕೇಳುತ್ತಾನೆ.

"ನಿಯಮ ಅಂದ್ರೆ ನಿಯಮ."

ಆ ಶನಿವಾರ ಸಂಜೆ ಅವನು ಟೋಕನ್ ಕೊಟ್ಟ, ಆದರೆ ಬಳೆಯನ್ನು ಬಿಡಲಿಲ್ಲ. ಮಸಿ ಮೆತ್ತಿದ ಮುಖದಲ್ಲಿ ಕಣ್ಣುಗಳು ನನ್ನನ್ನೇ ಏನೋ ಕೇಳುತ್ತಿದ್ದವು. "ದೊಡ್ಡ ಲೈನಿನಿಂದ ಕೆಲಸದ ಪತ್ರ ಬಂದಿದೆ. ದಾಖಲೆ ಚೊಕ್ಕಟವಾಗಿದ್ರೆ ಮುಂದಿನ ತಿಂಗಳೇ ಹೊರಡಬೇಕು."

"ಕಂಗ್ರಾಟ್ಸ್," ಎಂದೆ. ಬೇರೇನೂ ಹೊಳೆಯಲಿಲ್ಲ. ಟೋಕನ್ ಪೆಟ್ಟಿಗೆಗೆ ಹಾಕುವುದನ್ನೇ ಮರೆತು, ಹೆಗಲಿಗೆ ತಗುಲಿಸಿಕೊಂಡು ಬಸ್ಸು ಹತ್ತಿಬಿಟ್ಟೆ.

"ಇದೇನೇ, ಸೈಕಲ್ ಟೈರು?" ಎಂದು ಬಾಗಿಲಲ್ಲಿ ಅಮ್ಮ ಕೇಳಿದಾಗಲೇ ನನಗೆ ಅದರ ನೆನಪಾದದ್ದು. ನಾನು ಬಂದದ್ದೇ ಕೊನೆಯ ಬಸ್ಸು.

ಮರುದಿನ ಬಸ್ಸೂ ಕೈಕೊಟ್ಟಿತು. ನಾನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಗಾಡಿ ಮುಕ್ಕಾಲು ಗಂಟೆ ತಡ. ಗೇಟಿನ ಬಳಿಯೇ ಡ್ರೈವರ್ ನನ್ನ ಹೆಗಲಿಂದ ಬಳೆ ಕಿತ್ತುಕೊಂಡು ಸ್ಟೇಷನ್ ಮಾಸ್ಟರ ಮುಂದೆ ಹೋಗಿ ನಿಂತ.

"ಸಿಕ್ತು ಸರ್. ನಿನ್ನೆ ನಾನೇ ಮರೆತು ಮನೆಗೆ ಒಯ್ದಿದ್ದೆ, ಈಗ ತರಿಸಿದೆ."

"ಬುದ್ಧಿ ಎಲ್ಲಿಟ್ಟಿದ್ಯಪ್ಪಾ?" ಮಾಸ್ಟರು ಗುಡುಗಿ, ನನ್ನತ್ತ ತಿರುಗಿದರು. "ಮಧ್ಯಾಹ್ನದೊಳಗೆ ವರದಿ ಬರೆದುಕೊಡಮ್ಮಾ."

ಗಾಡಿ ಹೋಯಿತು. ನಾನು ಪೆನ್ನು ಹಿಡಿದು ಕುಳಿತೆ. ಅವನೇಕೆ ಸುಳ್ಳು ಹೇಳಿದ? ಕನಿಕರವೇ? ಅವನ ಮಾತನ್ನೇ ಬರೆದರೆ ಅವನ ದಾಖಲೆಗೆ ಮಸಿ. ಅವನು ಇಲ್ಲೇ ಉಳಿಯುತ್ತಾನೆ. ನಿಜ ಬರೆದರೆ ಹೋಗಿಬಿಡುತ್ತಾನೆ. ಅತ್ತ ದರಿ, ಇತ್ತ ಪುಲಿ. ಅವನು ಇರಲಿ ಎಂದು ನನ್ನ ಮನಸ್ಸು ಆಸೆಪಟ್ಟದ್ದಕ್ಕೇ ನಾಚಿಕೆಯಾಗಿ, ನಿಜವನ್ನೇ ಬರೆದೆ. ಎರಡು ಹಾಳೆ ಹರಿದು, ಮೂರನೆಯದರಲ್ಲಿ.

ಮಧ್ಯಾಹ್ನ ಮರಳಿದ ಡ್ರೈವರ್ ವರದಿ ಓದಿ ಕೆಂಡವಾದ.

"ಯಾರ್ರೀ ನಿಮ್ಗೆ ಇದನ್ನ ಬರೀರಿ ಅಂದಿದ್ದು?"

"ನಿಮ್ಮ ಹೊಸ ಕೆಲ್ಸ ಹೋಗ್ತಿತ್ತಲ್ಲ!"

"ಹೋಗ್ಲಿ ಅಂತಾನೇ ಹೇಳಿದ್ದು!"

ನನಗೆ ತಲೆಬುಡ ತಿಳಿಯಲಿಲ್ಲ. "ಬೇಡ ಅಂತ ದೊಡ್ಡ ಲೈನಿನವ್ರಿಗೇ ಬರೆಯಬಹುದಿತ್ತಲ್ಲ?"

"ಯಾಕೆ ಬೇಡ ಅಂತ ಮನೇಲಿ ಅಪ್ಪ ಕೇಳ್ತಾರೆ. ಏನು ಹೇಳ್ಲಿ? ಯಾರಿಗೋಸ್ಕರ ಉಳೀಬೇಕು ಅಂತಿದ್ನೋ ಅವ್ರು ಕಂಗ್ರಾಟ್ಸ್ ಅಂದ್ರು ಅಂತ್ಲಾ?"

ಕೈಯಲ್ಲಿದ್ದ ಪೆನ್ನು ಉರುಳಿ ಮೇಜಿನಡಿ ಹೋಯಿತು. ಇಬ್ಬರೂ ಹುಡುಕಲಿಲ್ಲ.

"ಹೋಗ್ಬೇಡಿ ಅನ್ನೋಕೆ ನಾನ್ಯಾರು ಅಂತ..." ಎಂದು ತೊದಲಿದೆ.

"ಒಂದ್ಸಲ ಅಂದು ನೋಡಿ."

"ಹೋಗ್ಬೇಡಿ."

ಪಕ್ಕದ ಕೋಣೆಯಲ್ಲಿ ಮಾಸ್ಟರು ಜೋರಾಗಿ ಕೆಮ್ಮಿದರು. ಅವರಿಗೂ ಕೇಳಲಿ ಎಂದು ಇನ್ನೊಂದು ಸಲ ಹೇಳಿದೆ.