ಇಪ್ಪತ್ತೆರಡು ಗುಂಡು, ಇಪ್ಪತ್ತನಾಲ್ಕು ತೂತು

"ನನಗೆ ಅನ್ಯಾಯ ಆಗಿದೆ ಅಂತ ದೂರು ಹೇಳೋಕೆ ಬಂದಿಲ್ಲ ಲೆಂಪಿ," ಎಂದ ತೌನೋ, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು. "ನನಗೆ ಸೇರಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿದೆ. ಕೊಟ್ಟವರು ಯಾರು ಅಂತ ಗೊತ್ತಾಗಬೇಕು."

ಭಾನುವಾರ ಬೆಳಗಿನ ಒಂಬತ್ತು ಗಂಟೆ. ಸಿಲ್ಯಾ ಚಿಕ್ಕಮ್ಮನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಚಿಕ್ಕಮ್ಮ ಲೆಂಪಿ ಇಪ್ಪತ್ತೆಂಟು ವರ್ಷ ಪೊಲೀಸ್ ತನಿಖೆಯಲ್ಲಿದ್ದು ನಿವೃತ್ತಳಾದವಳು. ಈಗ ಪಿಸ್ತೂಲು ಕ್ಲಬ್ಬಿನ ಕಾಫಿ ಕೋಣೆ ನೋಡಿಕೊಳ್ಳುತ್ತಿದ್ದಳು. ಊರಲ್ಲಿ ದೋಣಿ ಕಳೆದರೂ ಜಗಳ ಹತ್ತಿದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದುದು ಈ ಅಡುಗೆಮನೆಗೆ. ಅಂಥ ಸಂದರ್ಭಗಳಲ್ಲಿ ಸಿಲ್ಯಾಳ ಕೆಲಸ ಕಾರು ಓಡಿಸುವುದು, ಬಾಯಿ ಮುಚ್ಚಿಕೊಂಡು ಕಣ್ಣು ತೆರೆದಿರುವುದು.

ತೌನೋ ಒಂದು ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟ. ಪ್ರತಿ ಸ್ಪರ್ಧೆ ಮುಗಿದ ಮೇಲೂ ತಾನು ಹೇಗೆ ಹೊಡೆದೆ, ಎಲ್ಲಿ ಎಡವಿದೆ, ಏನು ತಿದ್ದಿಕೊಳ್ಳಬೇಕು ಎಂದು ಬರೆದಿಡುವುದು ಅವನ ಮೂವತ್ತು ವರ್ಷದ ಅಭ್ಯಾಸ. ಸಿಲ್ಯಾಗೆ ಪಿಸ್ತೂಲು ಹಿಡಿಯಲು ಕಲಿಸಿದವನೂ ಅವನೇ. "ಹೊಡೆಯೋದು ಅರ್ಧ ಕಲಿಕೆ ಮಗಳೇ, ಹೊಡೆದದ್ದನ್ನ ಸುಳ್ಳಿಲ್ಲದೆ ಬರೆಯೋದು ಇನ್ನರ್ಧ," ಎನ್ನುತ್ತಿದ್ದ.

"ನಿನ್ನೆ ಐದನೇ ಸುತ್ತು," ಎಂದು ಅವನು ಶುರುಮಾಡಿದ. "ಹಲಗೆ ಗೋಡೆಗಳ ನಡುವೆ ಓಡ್ತಾ ಹನ್ನೆರಡು ಗುರಿ ರಟ್ಟಿಗೆ ಎರಡೆರಡು ಗುಂಡು. ಒಟ್ಟು ಇಪ್ಪತ್ತನಾಲ್ಕು. ನಾನು ಮೂವತ್ತು ತುಂಬಿಸ್ಕೊಂಡು ಹೋಗಿದ್ದೆ. ಸುತ್ತು ಮುಗಿದ ಮೇಲೆ ಎಣಿಸಿದ್ರೆ ಎಂಟು ಉಳಿದಿದ್ವು. ಅಂದ್ರೆ ಹೊಡೆದದ್ದು ಇಪ್ಪತ್ತೆರಡು. ರಾತ್ರಿ ಫಲಿತಾಂಶ ನೋಡಿದ್ರೆ ನನ್ನ ಹೆಸರಿಗೆ ಇಪ್ಪತ್ತನಾಲ್ಕು ತೂತು ಬರ್ದಿದ್ದಾರೆ, ಎಲ್ಲಾ ನಡುಭಾಗಕ್ಕೇ."

"ಎಣಿಕೆ ತಪ್ಪಿರಬಹುದಲ್ಲ ಮಾಮ?" ಎಂದಳು ಸಿಲ್ಯಾ.

"ಕಣ್ಣು ಮುಚ್ಚಿ ಆ ಸುತ್ತನ್ನ ಮನಸ್ಸಲ್ಲೇ ನಾಲ್ಕು ಸಲ ಓಡಿದೀನಿ. ಏಳನೇ ರಟ್ಟು, ಆ ಪೀಪಾಯಿ ಹಿಂದೆ ತಗ್ಗಿನಲ್ಲಿ ನೆರಳಲ್ಲಿ ಇತ್ತಲ್ಲ, ಅದನ್ನ ಹೊಡೆದ ನೆನಪೇ ಇಲ್ಲ. ಮರ್ತೇ ಹೋಗಿದೀನಿ."

ಲೆಂಪಿ ಕಾಫಿ ಬಗ್ಗಿಸಿದಳು. "ಅದ್ರಿಂದ ಆಗಿದ್ದೇನು?"

"ಹಿರಿಯರ ವಿಭಾಗದಲ್ಲಿ ಮೂರನೆಯವನಾದೆ. ಎಸ್ತೋನಿಯಾದ ಪಂದ್ಯಕ್ಕೆ ಹೋಗೋ ತಂಡದಲ್ಲಿ ಮೂರೇ ಜನ. ನಾಲ್ಕನೆಯವನು ಕಾಲೆವಿ. ಗರಗಸದ ಕಾರ್ಖಾನೆ ಬಲ ಹೆಬ್ಬೆರಳು ತಿಂದ್ರೂ ಎಡಗೈಲಿ ಹೊಡೆದು ಅಲ್ಲೀತನಕ ಬಂದವನು, ಪಾಪ. ಪಟ್ಟಿ ಇವತ್ತು ಸಂಜೆ ಹೋಗತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಂಕ ಬರೆದ ತೀರ್ಪುಗಾರ ಇಸ್ಮೋ, ನನ್ನ ಔನೆಯ ತಮ್ಮ. ಸುದ್ದಿ ಹೊರಬಿದ್ರೆ, ಭಾವನಿಗೋಸ್ಕರ ಕಳ್ಳಲೆಕ್ಕ ಬರ್ದ ಅಂತ ಊರು ಅವನ ಮಾನ ಕಳೆಯತ್ತೆ."

ಅವನ ಹೆಂಡತಿ ಔನೆ ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆಯ ಹೆಸರು ಹೇಳುವಾಗ ಈಗಲೂ ತೌನೋನ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು.

ಲೆಂಪಿ ನೋಟುಪುಸ್ತಕದ ಹಾಳೆ ಹಿಂದಕ್ಕೆ ತಿರುವುತ್ತ ಹೋಗಿ ಮೇ ತಿಂಗಳ ಒಂದು ಪುಟದಲ್ಲಿ ನಿಂತಳು. ಸಿಲ್ಯಾ ಭುಜದ ಮೇಲಿಂದ ಓದಿದಳು: "ಮೂರು ಗುಂಡು ಗುರಿ ತಪ್ಪಿದವು. ಕಣ್ಣು ಸೋಲುತ್ತಿದೆಯೋ ಏನೋ. ಇನ್ನೊಮ್ಮೆ ತಪ್ಪಿದರೆ ಪಿಸ್ತೂಲು ಮಾರುತ್ತೇನೆ. ವಾಪಸು ಬರುವಾಗ ಕಾರಿನಲ್ಲಿ ಕಾಲೆವಿಗೂ ಹೇಳಿದೆ. ಮನೆ ಮುಟ್ಟುವ ತನಕ ಅವನು ಮಾತಾಡಲಿಲ್ಲ."

"ನಿಮ್ಮ ಗುಂಪಲ್ಲಿ ಎಷ್ಟು ಜನ ಇದ್ರಿ?" ಎಂದು ಕೇಳಿದಳು ಲೆಂಪಿ.

"ಆರು. ನಾನು, ಕಾಲೆವಿ, ಸಿಲ್ಯಾ, ಪಕ್ಕದೂರಿನ ಮೂರು ಜನ. ಸಿಲ್ಯಾ ಹೊಡೆದ ಮೇಲೆ ನನ್ನ ಸರದಿ."

"ರಟ್ಟುಗಳು ಹಳೇವಾ?"

"ಬೆಳಗ್ಗೆ ಮಳೆ ಬಂದು ಹಳೇವು ನೆಂದಿದ್ವು. ಇಸ್ಮೋ ನಮ್ಮ ಗುಂಪಿಗೆ ಅಂತ ಹೊಸಾವೇ ಹಾಕ್ಸಿದ. ನಮ್ಮದೇ ಕೊನೇ ಗುಂಪು."

ಲೆಂಪಿ ಎದ್ದು ಕೋಟು ತೊಟ್ಟಳು. "ಆಲೂಗಡ್ಡೆ ನೀರಲ್ಲಿರಲಿ ಸಿಲ್ಯಾ. ತೌನೋ, ಎರಡು ಗಂಟೆಗೆ ಕ್ಲಬ್ಬಿಗೆ ಬಾ. ಕಾಲೆವಿಗೂ ಇಸ್ಮೋಗೂ ನಾನೇ ಹೇಳ್ತೀನಿ."

ಕ್ಲಬ್ಬಿನ ಮೈದಾನ ಪೈನ್ ಮರಗಳ ನಡುವಿನ ಹಳೆಯ ಜಲ್ಲಿ ಗುಂಡಿಯಲ್ಲಿತ್ತು. ನಿನ್ನೆಯ ರಟ್ಟುಗಳನ್ನು ಒಲೆಗೆ ಹಾಕಲೆಂದು ಶೆಡ್ಡಿನಲ್ಲಿ ಪೇರಿಸಿದ್ದರು. ಸಂಖ್ಯೆ ನೋಡಿ ಏಳನ್ನೂ ಎಂಟನ್ನೂ ಸಿಲ್ಯಾ ಹುಡುಕಿ ತೆಗೆದಳು. ಒಬ್ಬರು ಹೊಡೆದು ಅಂಕ ಬರೆದಾದ ಮೇಲೆ, ಗುಂಪಿನ ಉಳಿದವರು ಹೋಗಿ ತೂತುಗಳ ಮೇಲೆ ಸುರುಳಿಯಿಂದ ಕಿತ್ತ ಕಂದು ಚೀಟಿ ಅಂಟಿಸಿ ಮುಂದಿನವರಿಗೆ ರಟ್ಟನ್ನು ಸಿದ್ಧ ಮಾಡುವುದು ಪದ್ಧತಿ. ಎರಡರ ಮೇಲೂ ಚೀಟಿಗಳಿದ್ದವು.

"ಎಣಿಸು," ಎಂದಳು ಲೆಂಪಿ.

ಎಂಟನೇ ರಟ್ಟಿನಲ್ಲಿ ಹನ್ನೆರಡು. ಏಳನೆಯದರಲ್ಲಿ ಹತ್ತು. ಸಿಲ್ಯಾ ಮತ್ತೆ ಎಣಿಸಿದಳು, ರಟ್ಟಿನ ಹಿಂಬದಿಯಿಂದ ತೂತುಗಳನ್ನೂ ಎಣಿಸಿದಳು. ಹತ್ತೇ.

"ಈಗ ಚೀಟಿ ಅಂಟಿಸಿರೋ ರೀತಿ ನೋಡು."

ಹೆಚ್ಚಿನ ಚೀಟಿಗಳ ಒಂದು ಮೂಲೆ ಮಡಚಿಕೊಂಡು ಸುಕ್ಕಾಗಿತ್ತು, ಹಲ್ಲಲ್ಲಿ ಕಚ್ಚಿ ಎಳೆದಂತೆ. ಎರಡು ರಟ್ಟಿನಲ್ಲೂ ಎರಡೆರಡು ಚೀಟಿ ಮಾತ್ರ ಸಪಾಟಾಗಿ, ಅಚ್ಚುಕಟ್ಟಾಗಿ ಕೂತಿದ್ದವು. ಸಿಲ್ಯಾಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ಆ ರಟ್ಟನ್ನು ಒಲೆಗೆ ಹಾಕಿಬಿಡೋಣ ಅನ್ನಿಸಿತು.

"ಚಿಕ್ಕಮ್ಮ, ಇದನ್ನ ಹೇಳಲೇಬೇಕಾ?"

"ತೌನೋ ಕೇಳಿದಾನೆ," ಎಂದಳು ಲೆಂಪಿ. "ಮೂವತ್ತು ವರ್ಷ ತನಗೆ ತಾನು ಸುಳ್ಳು ಹೇಳಿಕೊಳ್ಳದ ಮನುಷ್ಯನಿಗೆ ನಾವು ಸುಳ್ಳು ಹೇಳೋದಾ?"

ಎರಡು ಗಂಟೆಗೆ ಕ್ಲಬ್ಬಿನ ಉದ್ದ ಮೇಜಿನ ಸುತ್ತ ಐವರೂ ಕೂತರು. ಲೆಂಪಿ ಏಲಕ್ಕಿ ಬನ್ನು ಇಟ್ಟಿದ್ದಳು, ಯಾರೂ ಮುಟ್ಟಲಿಲ್ಲ. ಇಸ್ಮೋ ಬಾಗದ ಮೊಣಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡು ಗುರ್ರೆಂದ, "ಭಾವ, ನಾನು ಕಂಡದ್ದನ್ನ ಬರ್ದೆ. ಎರಡು ತೂತು ಇತ್ತು, ಎರಡು ಬರ್ದೆ."

"ನೀನು ಕಂಡದ್ದನ್ನೇ ಬರೆದೆ," ಎಂದಳು ಲೆಂಪಿ. "ತೌನೋ ಓಡೋವಾಗ ನೀನು ನೋಡಬೇಕಾದ್ದು ಪಿಸ್ತೂಲನ್ನ, ರಟ್ಟನ್ನಲ್ಲ. ಅದಕ್ಕೇ ಏಳನೇದು ಬಿಟ್ಟುಹೋದದ್ದು ನಿನಗೆ ತಿಳೀಲಿಲ್ಲ." ಅವಳು ರಟ್ಟನ್ನು ಮೇಜಿನ ಮೇಲಿಟ್ಟಳು. "ಆರು ಜನ, ಎರಡೆರಡು. ಪಟ್ಟಿಯಲ್ಲಿ ಹನ್ನೆರಡು. ರಟ್ಟಿನಲ್ಲಿ ಹತ್ತು. ಹಾಗಾದ್ರೆ ಯಾರದೋ ಎರಡು ತೂತು ಎರಡು ಸಲ ಲೆಕ್ಕಕ್ಕೆ ಬಂದಿವೆ. ತೌನೋಗಿಂತ ಮುಂಚೆ ಹೊಡೆದವಳು ಸಿಲ್ಯಾ. ಅವಳ ತೂತಿಗೆ ಚೀಟಿ ಬೀಳಲಿಲ್ಲ."

"ಮರೆತದ್ದಿರಬಹುದು," ಎಂದ ತೌನೋ ಮೆಲ್ಲಗೆ.

"ಅಂಟಿಸೋಕೆ ಆಗದವರನ್ನ ಮೊದಲು ಬಿಡೋಣ. ಸಿಲ್ಯಾ ಆಗಷ್ಟೇ ಹೊಡೆದು ನೆಲಕ್ಕೆ ಬಿದ್ದ ತನ್ನ ಗುಂಡಿನ ಮ್ಯಾಗಜೀನ್ ಆರಿಸ್ತಿದ್ಲು. ನೀನು ನಿನ್ನ ಸರದಿಗೆ ನಿಂತಿದ್ದೆ. ಇಸ್ಮೋ ಆ ಕಾಲಲ್ಲಿ ಪೀಪಾಯಿ ಹಿಂದೆ ಮಂಡಿಯೂರೋ ಹಾಗಿಲ್ಲ. ಉಳಿದವರು ನಾಲ್ವರು. ಈ ಚೀಟಿ ನೋಡಿ. ಏಳರಲ್ಲಿ ಎಂಟು ಚೀಟಿ ಹಲ್ಲಲ್ಲಿ ಎಳೆದದ್ದು. ಹೆಬ್ಬೆರಳಿದ್ದವರು ಹಾಗೆ ಎಳೆಯಲ್ಲ. ಸಪಾಟಾಗಿರೋ ಎರಡು, ಅವನೇ ಹೊಡೆದಾಗ ಬೇರೆಯವರು ಅಂಟಿಸಿದ್ದು. ಅಂದ್ರೆ ಇಡೀ ಸುತ್ತು ಏಳು, ಎಂಟು ಎರಡನ್ನೂ ನೋಡಿಕೊಂಡವನು ಒಬ್ಬನೇ. ಸಿಲ್ಯಾ ಹೊಡೆದ ಮೇಲೂ ಅವನು ಅಲ್ಲಿಗೆ ಹೋಗಿದ್ದ, ಎಂಟಕ್ಕೆ ಅಂಟಿಸಿದ. ಒಂದು ಹೆಜ್ಜೆ ಪಕ್ಕದ, ನೆರಳಲ್ಲಿ ಗುರಿ ತಪ್ಪೋಕೆ ಸುಲಭವಾದ ಏಳನ್ನ ಹಾಗೇ ಬಿಟ್ಟ. ತೌನೋ ಗುರಿ ತಪ್ಪಿದ್ರೆ ಆ ಎರಡು ತೂತು ಅವನದಾಗತ್ತೆ. ಹೊಡೆದ್ರೆ ನಾಲ್ಕು ತೂತಾಗಿ, ಯಾರದು ಯಾವುದು ತಿಳೀದೆ ಮತ್ತೆ ಓಡೋಕೆ ಬಿಡ್ತಾರೆ. ಹೇಗಾದ್ರೂ ತೌನೋಗೆ ನಷ್ಟ ಇಲ್ಲ."

ಕಾಲೆವಿ ತನ್ನ ಬಲಗೈಯನ್ನು ಮೇಜಿನ ಕೆಳಗಿಂದ ತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟ.

"ನಾನೇ," ಎಂದ.

ತೌನೋ ಅವನತ್ತ ತಿರುಗಿದ. "ನಿನ್ನ ಜಾಗ ನೀನೇ ಕಳಕೊಂಡೆಯಲ್ಲೋ. ಯಾಕೆ?"

"ನೋಟುಪುಸ್ತಕದಲ್ಲಿದೆ ಯಾಕೆ ಅಂತ," ಎಂದು ಲೆಂಪಿ ಹೇಳಹೊರಟವಳು ನಿಲ್ಲಿಸಿದಳು. "ಬೇಡ. ಅವನೇ ಹೇಳಲಿ."

ಕಾಲೆವಿಗೆ ಮಾತು ಸುಲಭದಲ್ಲಿ ಬರುವಂಥದ್ದಲ್ಲ. "ಇನ್ನೊಂದ್ಸಲ ತಪ್ಪಿದ್ರೆ ಪಿಸ್ತೂಲು ಮಾರ್ತೀನಿ ಅಂದೆ. ಔನೆ ತೀರ್ಕೊಂಡ ಚಳಿಗಾಲ ನೀನು ಬಾಗಿಲೇ ತೆಗೀಲಿಲ್ಲ. ಮೆಟ್ಟಿಲ ಮೇಲೆ ಸೂಪಿನ ಪಾತ್ರೆ ಇಟ್ಟು ಬರ್ತಿದ್ದೆ, ಮಾರನೇ ದಿನ ಹಾಗೇ ಹೆಪ್ಪುಗಟ್ಟಿ ಕೂತಿರ್ತಿತ್ತು. ವಸಂತದಲ್ಲಿ ಸ್ಪರ್ಧೆ ಶುರುವಾದ ಮೇಲೆ ನೀನು ಹೊರಗೆ ಬಂದೆ. ಇದೂ ನಿಂತ್ರೆ ಮತ್ತೆ ಆ ಬಾಗಿಲು..." ಅವನು ಬಲಗೈಯನ್ನು ಮತ್ತೆ ಮೇಜಿನ ಕೆಳಗೆ ಎಳೆದುಕೊಂಡ. "ಎಸ್ತೋನಿಯಾ ಇಟ್ಕೊಂಡು ನಾನೇನು ಮಾಡ್ಲಿ."

ಸಿಲ್ಯಾ ಎದುರಿಗಿದ್ದ ಬನ್ನನ್ನೇ ನೋಡುತ್ತಿದ್ದಳು.

"ನನ್ನ ಕಣ್ಣು ಹೋಯ್ತು ಅಂತ ನೀನೂ ನಂಬಿಬಿಟ್ಟೆ," ಎಂದ ತೌನೋ ಕೊನೆಗೆ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಅದಕ್ಕೆ ನಾನೊಂದು ಹೇಳಬೇಕು," ಎಂದಳು ಲೆಂಪಿ. "ಇಪ್ಪತ್ತೆರಡು ಗುಂಡು ಹೊಡೆದಿದೀಯ, ಉಳಿದ ಹನ್ನೊಂದು ರಟ್ಟಿನಲ್ಲಿ ಇಪ್ಪತ್ತೆರಡೂ ನಡುಭಾಗಕ್ಕೆ ಬಿದ್ದಿವೆ. ಒಂದೂ ತಪ್ಪಿಲ್ಲ. ಕಣ್ಣಿಗೆ ಏನೂ ಆಗಿಲ್ಲ ಕಣಯ್ಯ. ಒಂದು ರಟ್ಟು ಮರ್ತೆ, ಅಷ್ಟೆ. ನನ್ನ ಈ ಹುಡುಗಿ ಮೂವತ್ತೈದನೇ ವಯಸ್ಸಿಗೇ ಹೋದ ತಿಂಗಳು ಎರಡು ರಟ್ಟು ಮರ್ತಳು."

"ಮೂರು," ಎಂದಳು ಸಿಲ್ಯಾ.

ಇಸ್ಮೋ ಮೊದಲು ನಕ್ಕ. ಆಮೇಲೆ ನಗು ತಡೆದು ತೀರ್ಪುಗಾರನ ಮುಖ ಮಾಡಿಕೊಂಡು ಪಟ್ಟಿ ಎಳೆದುಕೊಂಡ. ಏಳನೇ ರಟ್ಟಿಗೆ ತೌನೋಗೆ ಸೊನ್ನೆ. ಅವನು ಎಂಟನೇ ಸ್ಥಾನಕ್ಕಿಳಿದ. ಬೇಕೆಂದೇ ರಟ್ಟು ಮುಚ್ಚದೆ ಬಿಟ್ಟದ್ದಕ್ಕೆ ಕಾಲೆವಿಯ ಹೆಸರನ್ನು ಸ್ಪರ್ಧೆಯಿಂದಲೇ ಹೊಡೆದುಹಾಕಿದ. ಉಳಿದ ಬೇಸಿಗೆಗೂ ಅವನು ಕಣಕ್ಕಿಳಿಯುವ ಹಾಗಿರಲಿಲ್ಲ. ತಂಡದ ಜಾಗ ಪಕ್ಕದೂರಿನ ಒಬ್ಬ ಬಡಗಿಯ ಪಾಲಾಯಿತು. "ಸರಿ," ಎಂದು ಕಾಲೆವಿ ತಾನೇ ಪೆನ್ನು ತೆಗೆದು ಸಹಿ ಹಾಕಿದ.

ತೌನೋ ನೋಟುಪುಸ್ತಕ ಬಿಡಿಸಿ ನಿನ್ನೆಯ ಪುಟದ ಕೆಳಗೆ ಏನೋ ಬರೆದ. ಸಿಲ್ಯಾ ಇಣುಕಲಿಲ್ಲ. ಅವನೇ ಪುಸ್ತಕವನ್ನು ಕಾಲೆವಿಯತ್ತ ತಿರುಗಿಸಿ ತಳ್ಳಿದ. ಕಾಲೆವಿ ಓದಿದ, ಮುಖ ಎತ್ತಲಿಲ್ಲ, ತಲೆ ಮಾತ್ರ ಆಡಿಸಿದ.

ಇಬ್ಬರೂ ಬಂದದ್ದು ಯಾವಾಗಿನಂತೆ ತೌನೋನ ಕಾರಿನಲ್ಲೇ. ಸಿಲ್ಯಾ ಕಾಫಿ ಕೋಣೆಯಲ್ಲಿ ಕಪ್ಪು ತೊಳೆಯುತ್ತ ಕಿಟಕಿಯಿಂದ ನೋಡಿದಳು. ತೌನೋ ಮುಂದೆ ನಡೆದು ಒಳಗೆ ಕೂತ. ಕಾಲೆವಿ ಹತ್ತು ಹೆಜ್ಜೆ ಹಿಂದೆ, ಜಲ್ಲಿಯ ಮೇಲೆ ನಿಂತೇ ಇದ್ದ, ಬಸ್ಸಿನ ರಸ್ತೆಯತ್ತ ತಿರುಗುವವನಂತೆ. ಆಗ ಚಾಲಕನ ಸೀಟಿನಿಂದ ತೌನೋ ಬಾಗಿ, ಕೈ ಚಾಚಿ, ಆಚೆಯ ಬಾಗಿಲನ್ನು ಒಳಗಿನಿಂದ ತೆರೆದ.

"ಬಾರೋ," ಎಂಬ ಅವನ ದನಿ ಕಿಟಕಿಯ ತನಕ ಕೇಳಿಸಿತು. "ಸೂಪು ನನ್ನ ಮನೇಲಿ. ಇವತ್ತು ಮಾಡೋದು ನಾನು."